ಹಾಲಿನ ಹಚ್ಚೆ

ಕೊಪ್ಪಳ ಜಿಲ್ಲೆಯಾದ ವರ್ಷವೇ ಲಲಿತಾ ಇರಕಲ್ಲಗಡಕ್ಕೆ ಸೊಸೆಯಾಗಿ ಬಂದಳು. ಹಾವಿಗೆ ಹೆದರಳು, ಹೋರಿಗೆ ಹೆದರಳು, ಸೂಜಿ ಕಂಡರೆ ಮಾತ್ರ ಊರು ಬಿಡುವ ಹುಡುಗಿ. ಅಂಥವಳಿಗೆ ಅತ್ತೆ ಹುಲಗೆಮ್ಮ ಮುಂಗೈಗೆ ಹಚ್ಚೆ ಚುಚ್ಚಿಸಿಕೊಳ್ಳಲು ಹೇಳಿದ್ದಳು.

"ಸತ್ತಾಗ ಬಂಗಾರ ಬಿಚ್ಕೋತಾರ, ಹಚ್ಚಿ ಒಂದ ಸಂಗಾಟ ಬರೂದು. ಶುಕ್ರವಾರ ಮುನಿರಾಬಾದಿನಿಂದ ನಮ್ಮಕ್ಕ ಪಾರಮ್ಮ ಬರ್ತಾಳ. ಹಚ್ಚಿ ಇಲ್ಲದ ಸೊಸಿ ತಂದಿ ಅಂತ ನಿನ್ನ ಮದುವ್ಯಾಗ ನಾಕ ಮಂದಿ ಮುಂದ ಅಂದಾಳ. ಈ ಸಲ ನನ್ನ ಮಾರಿ ಉಳಸವ್ವಾ."

ಹಚ್ಚೆ ಹಾಕುವಾಕೆ ಓಣಿಗೆ ಬಂದ ದಿನ ಅತ್ತೆ ಸಂತೆಗೆ ಹೋಗಿದ್ದಳು. ಲಲಿತಾ ಸೀದಾ ಹೊಲಕ್ಕೆ ಓಡಿದಳು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ. ಹುಲ್ಲೆಲ್ಲ ಒಣಗಿ ಕರಕಾದ ಗರಸು ನೆಲದಲ್ಲಿ ಅಚ್ಚೆಗಿಡವೊಂದು ಬಿಸಿಲು ತನ್ನ ಚಿಕ್ಕಪ್ಪನೆಂಬಂತೆ ಆರಾಮಾಗಿ ಹರಡಿಕೊಂಡಿತ್ತು. ರಾಗಿ ಕಾಳಿಗಿಂತ ಸಣ್ಣ ಹೂ, ಕಡ್ಡಿ ಮುರಿದರೆ ಬೆಳ್ಳನೆ ಹಾಲು. ಆ ಹಾಲಿನಲ್ಲಿ ಕೈಮೇಲೆ ಬರೆದು ಮಸಿ ಉದುರಿಸಿದರೆ ಥೇಟ್ ಹಚ್ಚೆಯೇ. ಶಾಲೆಯ ದಿನಗಳಲ್ಲಿ ಅವಳು ಅದರಲ್ಲಿ ಪಳಗಿದವಳು. ಗಿಡ ಕಿತ್ತು ತಂದು, ಹಂಚಿನ ಮಸಿ ಕೆರೆದು, ಮುಂಗೈ ಮೇಲೊಂದು ಚಂದದ ತುಳಸಿಕಟ್ಟೆ ಎಬ್ಬಿಸಿದಳು.

ಹುಲಗೆಮ್ಮ ನೋಡಿ ಹಿಗ್ಗಿದಳು. "ಕೈ ನೋಯ್ತಿರತೈತಿ, ನೀ ಕೂಡು," ಎಂದು ರೊಟ್ಟಿಯನ್ನೂ ತಾನೇ ಬಡಿದಳು. ಸುಳ್ಳು ಹೇಳಿದ್ದಕ್ಕೆ ಲಲಿತಾಗೆ ನಿಜಕ್ಕೂ ಕೆಡುಕೆನಿಸಿತು.

ಶುಕ್ರವಾರ ಬೆಳಿಗ್ಗೆ ಅತ್ತೆ ಔಡಲೆಣ್ಣೆಗೆ ಅರಿಶಿನ ಕಲಸಿ ತಂದಳು.

"ಬ್ಯಾಡ್ರಿ ಅತ್ತಿ."

"ಸುಮ್ಮನ ಕೂಡು. ಹಚ್ಚಿ ಹಾಕಿಸಿದಾಗ ನಮ್ಮವ್ವ ನನಗ ಹಿಂಗ ಹಚ್ಚಿದ್ಲು."

ಎರಡು ಸಲ ಸವರಿದ್ದಷ್ಟೇ, ತುಳಸಿಕಟ್ಟೆ ಪೂರಾ ಕರಗಿ ಹುಲಗೆಮ್ಮನ ಹೆಬ್ಬೆರಳಿಗೆ ಬಂತು. ಅವಳು ಬೆರಳು ನೋಡಿದಳು, ಸೊಸೆಯ ಮುಖ ನೋಡಿದಳು.

"ಸೂಜಿ ಅಂದ್ರ ನನಗ ಜೀವಾನ ಹೋಗತೈತ್ರಿ," ಎಂದಳು ಲಲಿತಾ, ತಲೆ ಎತ್ತದೆ. "ನಿಮ್ಮ ಮಾರಿ ಸಣ್ಣದಾಗಬಾರ್ದಂತ ಹಿಂಗ ಮಾಡಿದೆ."

ಅಷ್ಟರಲ್ಲಿ ಪಾರಮ್ಮ ಪಡಸಾಲೆಗೇ ಬಂದುಬಿಟ್ಟಳು. "ಎಲ್ಲಿ, ನಿನ್ನ ಸೊಸಿ ಹಚ್ಚಿ ತೋರ್ಸು ನೋಡೂಣು."

ಹುಲಗೆಮ್ಮ ತನ್ನ ಸೆರಗನ್ನು ಸೊಸೆಯ ಕೈಗೆ ಸುತ್ತಿ ಗಟ್ಟಿಯಾಗಿ ಹಿಡಿದಳು.

"ಇನ್ನಾ ಹಸಿ ಐತಕ್ಕಾ, ಗಾಳಿ ತಾಗಬಾರ್ದು. ಭಾಳ ಗಟ್ಟಿ ಹುಡುಗಿ ನಮ್ಮಾಕಿ. ಒಂದ ಹನಿ ಕಣ್ಣೀರ ಹಾಕಲಿಲ್ಲ."

ಅಷ್ಟು ಅಂದದ್ದೇ ತಡ, ಲಲಿತಾಗೆ ಅಳು ಒತ್ತರಿಸಿಕೊಂಡು ಬಂತು.

"ಪಾಪ, ಎಷ್ಟ ನೋವೈತೋ," ಎಂದು ಪಾರಮ್ಮ ಪಕ್ಕದಲ್ಲಿ ಕೂತು ಅವಳ ತಲೆ ಸವರಿದಳು.