ಸೀಮೆಸುಣ್ಣ ಹಿಡಿದವಳು

2019ರ ಸೆಪ್ಟೆಂಬರ್ 12, ಗುರುವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ಎರಡನೇ ವರ್ಷದ ಗಣಿತ ತರಗತಿಯನ್ನು ನಾಲ್ವರಂತೆ ಗುಂಪು ಮಾಡಿ ಬೋರ್ಡುಗಳ ಮುಂದೆ ನಿಲ್ಲಿಸಿದ್ದೆ. ನಿಯಮ ನನ್ನದೇ: ಸೀಮೆಸುಣ್ಣ ಹಿಡಿದವರು ಬಾಯಿ ಬಿಡಬಾರದು, ಉಳಿದ ಮೂವರು ಹೇಳಿದ್ದನ್ನಷ್ಟೇ ಬರೆಯಬೇಕು. ಮಾತಾಡಿದರೆ ಇಡೀ ಗುಂಪಿಗೆ ಸೊನ್ನೆ. ವಾಚಾಳಿಗಳ ಕೈಗೆ ಸೀಮೆಸುಣ್ಣ ಕೊಟ್ಟರೆ ಮೆತ್ತಗಿನವರಿಗೆ ದನಿ ಬರುತ್ತದೆ ಎಂಬುದು ನನ್ನ ಲೆಕ್ಕಾಚಾರ. ಯಾರಿಗೆ ಕೊಡಬೇಕೆಂದು ಪ್ರತಿಸಲ ನಾನೇ ಹೇಳುತ್ತಿದ್ದೆ. ಅವತ್ತು ಹಾಜರಿ ಹಾಕುತ್ತಾ ಮರೆತೆ.

"ನಿನ್ನ ಅಕ್ಷರ ಚೆನ್ನಾಗಿದೆ, ತಗೊಳ್ಳೇ ಗುಬ್ಬಿ" ಎಂದು ಕ್ಯಾಪ್ಟನ್ ಸೀಮೆಸುಣ್ಣವನ್ನು ತನ್ನ ಗುಂಪಿನ ಮೆತ್ತಗಿನ ಹುಡುಗಿಯ ಕೈಗೆ ತುರುಕಿದ. ತರಗತಿಯಲ್ಲಿ ಅವನದೇ ದೊಡ್ಡ ಗಂಟಲು. ಕ್ಯಾಪ್ಟನ್ ಎಂಬ ಅಡ್ಡಹೆಸರು ಬಂದದ್ದೂ ಅದರಿಂದಲೇ.

ಗುಬ್ಬಿಗೆ ಆಂತರಿಕ ಅಂಕ ಐವತ್ತಕ್ಕೆ ಅದುವರೆಗೆ ಹದಿನೆಂಟು ಬಂದಿತ್ತು. ಪರೀಕ್ಷೆಗೆ ಕೂರಲು ಪೂರ್ತಿ ಇಪ್ಪತ್ತೇ ಬೇಕು. ಉಳಿದಿದ್ದು ಈ ಗುಂಪು ಕೆಲಸದ ಐದು ಅಂಕ ಮಾತ್ರ.

ಪ್ರಶ್ನೆ: ಒಂದು, ಅರ್ಧ, ಮೂರನೇ ಒಂದು, ಕಾಲು, ಹೀಗೆ ಕೂಡುತ್ತಾ ಹೋದರೆ ಮೊತ್ತ ಎಲ್ಲಾದರೂ ನಿಲ್ಲುತ್ತದೆಯೇ?

"ಕೂಡೋ ಸಂಖ್ಯೆಗಳು ಸೊನ್ನೆ ಕಡೆ ಹೋಗ್ತಿವೆಯಲ್ಲ, ನಿಲ್ದೆ ಏನ್ಮಾಡುತ್ತೆ? ಬರಿ, ಬರಿ!" ಎಂದ ಕ್ಯಾಪ್ಟನ್. ಇನ್ನಿಬ್ಬರು ತಲೆಯಾಡಿಸಿದರು.

ಗುಬ್ಬಿಯ ಕೈ ನಿಂತಿತು. ನನ್ನ ಕಡೆ ತಿರುಗಿದಳು. "ಮೇಡಂ, ನಾನೊಂದು..."

"ಉಶ್! ಬೋರ್ಡು ಬರೆಯೋರು ಮೂಕರು ಕಣಮ್ಮ" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಮೂವರ ತಪ್ಪನ್ನು ದುಂಡಗೆ ಬರೆದಳು. ಉತ್ತರಕ್ಕೆ ಏನೂ ಇಲ್ಲ, ಅಚ್ಚುಕಟ್ಟಿಗೆ ಒಂದೂವರೆ ಕೊಟ್ಟೆ.

ಮಧ್ಯಾಹ್ನ ನನ್ನ ಮೇಜಿನ ಮೇಲೆ ತನ್ನ ನೋಟ್‌ಬುಕ್ ತೆರೆದಿಟ್ಟಳು. ಹಿಂದಿನ ವಾರವೇ ಬರೆದದ್ದು: ಮೂರನೇ ಒಂದೂ ಕಾಲೂ ಸೇರಿದರೆ ಅರ್ಧಕ್ಕಿಂತ ಹೆಚ್ಚು, ಅದರ ಮುಂದಿನ ನಾಲ್ಕು ಸಂಖ್ಯೆಗಳು ಸೇರಿದರೆ ಮತ್ತೆ ಅರ್ಧಕ್ಕಿಂತ ಹೆಚ್ಚು, ಇಂಥ ಅರ್ಧಗಳಿಗೆ ಕೊನೆಯಿಲ್ಲ, ಮೊತ್ತ ನಿಲ್ಲುವುದಿಲ್ಲ. ಒಂದು ಅಕ್ಷರವೂ ತಪ್ಪಿರಲಿಲ್ಲ.

"ಮತ್ತೆ ಹೇಳ್ಬೇಕಿತ್ತಲ್ಲಮ್ಮ?"

"ಹೇಳಿದ್ರೆ ಎಲ್ರಿಗೂ ಸೊನ್ನೆ ಅಂದಿದ್ರಿ."

ವಿಭಾಗದ ಮುಖ್ಯಸ್ಥರ ಬಳಿ ಹೋದೆ. ಅಂಕಪಟ್ಟಿ ಆಗಲೇ ಅವರ ಕೈ ಸೇರಿತ್ತು.

"ನಿಯಮದಲ್ಲೇ ತಪ್ಪಿತ್ತು ಅಂತ ಬರ್ಕೊಡಿ, ಈಗಲೇ ತಿದ್ದಿಸ್ತೀನಿ" ಎಂದು ಬಿಳಿ ಹಾಳೆ ಸರಿಸಿದರು. "ಆದ್ರೆ ಸೋಮವಾರ ಬೇರೆ ವಿಭಾಗದವರಿಗೆಲ್ಲ ಇದೇ ಪದ್ಧತಿ ಹೇಳ್ಕೊಡೋಕೆ ನಿಲ್ತೀರಲ್ಲ ಮೇಡಂ, ಆಗ ಯಾವ ಮುಖ ಇಟ್ಕೊಂಡು ನಿಲ್ತೀರಿ?"

ಹಾಳೆಯ ಮೇಲೆ ತಾರೀಖು ಬರೆದೆ. 'ಮಾನ್ಯರೇ' ಎಂದು ಬರೆದೆ. ಆಮೇಲೆ ಮಡಚಿ ಚೀಲಕ್ಕೆ ಹಾಕಿಕೊಂಡು, ನಾಳೆ ಕೊಡುತ್ತೇನೆ ಎಂದು ಎದ್ದೆ.

ಸೋಮವಾರದ ಸಭೆಯಲ್ಲಿ ಚಪ್ಪಾಳೆ ಜೋರಾಗಿಯೇ ಬಿತ್ತು. ಮಂಗಳವಾರ ಅಂಕಪಟ್ಟಿಯನ್ನು ಸೂಚನಾ ಫಲಕಕ್ಕೆ ಹಚ್ಚಿದರು. ಗುಬ್ಬಿಯ ಸಾಲಿನಲ್ಲಿ ಇದ್ದದ್ದು 19.5.