ವಾಸನೆಯಿಲ್ಲದ ಗೆರೆ

ಕಲಾವಿದೆ ಶಾಮಲಮ್ಮ ಬಣ್ಣ ಬಿಟ್ಟು ತಂತಿ ಹಿಡಿದದ್ದು ಯಾಕೆಂದು ಬೆಂಗಳೂರಿನ ವಿಮರ್ಶಕರು ಉದ್ದುದ್ದ ಬರೆದಿದ್ದಾರೆ. ಶೂನ್ಯವಂತೆ, ತ್ಯಾಗವಂತೆ. ಬರೆಯಲಿ ಬಿಡಿ, ಅವರಿಗೂ ಹೊಟ್ಟೆಪಾಡು ಇದೆಯಲ್ಲ. ನಿಜ ಸಂಗತಿಯೆಂದರೆ, ರೇಷ್ಮೆಹುಳಕ್ಕೆ ಬಣ್ಣ, ವಾರ್ನಿಷ್ ವಾಸನೆ ಆಗದು. ಸುಗಟೂರಿನಲ್ಲಿ ಪಕ್ಕದ ಮನೆಯಲ್ಲೇ ಹುಳ ಸಾಕುವ ಅಕ್ಕ ಬಚ್ಚಮ್ಮ, ಆ ವಾಸನೆ ಸೀರೆಗೆ ಅಂಟೀತೆಂದು ತಂಗಿಯ ಶೆಡ್ಡಿನ ಹೊಸಿಲು ತುಳಿಯುತ್ತಿರಲಿಲ್ಲ. ಅದಕ್ಕೇ ಶಾಮಲಮ್ಮ ಬಣ್ಣದ ಡಬ್ಬಿಗಳನ್ನೆಲ್ಲ ಯಾರಿಗೋ ಕೊಟ್ಟು, ಪೆನ್ಸಿಲಿಗೂ ಟೊಮೆಟೊ ತೋಟಕ್ಕೆ ಬಿಗಿಯುವ ತಂತಿಗೂ ಬಂದಳು. ಗೋಡೆಯ ಮೇಲೆ ಗೆರೆ ಎಳೆಯುವುದು, ಅದರ ಮುಂದೆ ತಂತಿ ಬಗ್ಗಿಸಿ ಕಟ್ಟುವುದು, ನೆರಳು ಬಿದ್ದರೆ ಅದನ್ನೂ ಸೇರಿಸಿಕೊಳ್ಳುವುದು.

ಆದರೂ ಅಕ್ಕ ಬರಲಿಲ್ಲ. ಬಣ್ಣ ಬಿಟ್ಟೆ, ಬಾ ಎಂದು ಬಾಯಿಬಿಟ್ಟು ಕರೆಯುವುದು ಇವಳ ಜಾಯಮಾನವಲ್ಲ. ದೆಹಲಿಯಲ್ಲಿ ಪ್ರದರ್ಶನವಾಯಿತು, ಪ್ರಶಸ್ತಿ ಬಂತು, ತಲೆ ಬೆಳ್ಳಗಾಯಿತು. ಒಡಹುಟ್ಟಿದವಳು ಒಂದು ಸಲವೂ ಬಂದು ನೋಡಲಿಲ್ಲವೆಂಬ ಸಂಕಟ ಮಾತ್ರ ಹಾಗೇ ಉಳಿಯಿತು.

ಈ ಸಲ ಬೆಂಗಳೂರಿನ ದೊಡ್ಡ ಪ್ರದರ್ಶನಕ್ಕೆಂದು ಆಳೆತ್ತರದ ತಂತಿ ಚೌಕಟ್ಟೊಂದನ್ನು ಮುಗಿಸಿದ್ದಳು. ಒಳಗೆಲ್ಲ ಸುರುಳಿ ಸುರುಳಿ. ಬೆಳಿಗ್ಗೆ ವ್ಯಾನ್ ಬರುವುದಿತ್ತು. ಚೌಕಟ್ಟಿಗೆ ಸುತ್ತಲು ಬಟ್ಟೆ ತರೋಣವೆಂದು ಹಿಂದಿನ ದಿನ ಕೋಲಾರಕ್ಕೆ ಹೋಗಿ, ಸಂಜೆ ಬಸ್ಸಿಳಿದು ಬಂದರೆ ಶೆಡ್ಡಿನ ಬಾಗಿಲು ತೆರೆದಿದೆ. ಅಕ್ಕ ಒಳಗಿದ್ದಾಳೆ! ಚೌಕಟ್ಟನ್ನು ನೆಲಕ್ಕೆ ಮಲಗಿಸಿ, ಮೊರದಿಂದ, ಗೂಡು ಕಟ್ಟುವಷ್ಟು ಹಣ್ಣಾದ ಹುಳಗಳನ್ನು ಸುರುಳಿಗಳ ಮೇಲೆ ಬಿಡುತ್ತಿದ್ದಾಳೆ.

"ಎಲ್ಲಾ ಒಟ್ಟಿಗೇ ಹಣ್ಣಾಗ್ಬಿಟ್ವು ಕಣೇ, ಚಂದ್ರಿಕೆ ಸಾಲ್ಲಿಲ್ಲ. ಇಲ್ಲೇನಾದ್ರೂ ಸಿಕ್ತದಾ ಅಂತ ಮೂಗು ಮುಚ್ಕೊಂಡು ಬಂದೆ. ನೋಡಿದ್ರೆ ವಾಸ್ನೇನೇ ಇಲ್ಲ. ನಂಗೇ ಅಂತ ಕಟ್ಟಿಟ್ಟಿದ್ದೀಯ ಅನ್ಕೊಂಡೆ," ಎಂದಳು ಬಚ್ಚಮ್ಮ ತಲೆಯೆತ್ತದೆ.

ಹುಳ ಗೂಡು ಕಟ್ಟಲೆಂದು ಬಿಡುವ ಬಿದಿರಿನ ಚಂದ್ರಿಕೆಯಲ್ಲೂ ಹೀಗೇ ಸುರುಳಿ. ಬೈಯಬೇಕೋ ಕೈಮುಗಿಯಬೇಕೋ ತಿಳಿಯದೆ ಶಾಮಲಮ್ಮ ನಿಂತಳು.

"ಅಕ್ಕಾ, ಅದು ನಾಳೆ ಬೆಂಗ್ಳೂರಿಗೆ ಹೋಗ್ಬೇಕು."

ಬಚ್ಚಮ್ಮನ ಕೈ ನಿಂತಿತು. "ಅಯ್ಯೋ, ಆಗ್ಲೇ ನೂಲು ಬಿಡ್ತಾ ಅವಲ್ಲೇ! ಈಗ ಕಿತ್ರೆ ಗೂಡು ಕೆಡ್ತದೆ. ಕೆಟ್ರೆ ಕೆಡ್ಲಿ, ಕಿತ್ಬಿಡ್ಲಾ?"

"ಬೇಡ. ಇರ್ಲಿ."

ಶಾಮಲಮ್ಮ ಫೋನ್ ಮಾಡಿ ವ್ಯಾನ್ ಬೇಡವೆಂದಳು. ಪ್ರದರ್ಶನದವರು ರೇಗಿದರು, ಇನ್ನು ಮುಂದೆ ಕರೆಯುವುದಿಲ್ಲವೆಂದರು. ಅವಳಿಗಿದ್ದ ದಿಗಿಲೇ ಬೇರೆ, ಮಾತು ಮುಗಿಯುವಷ್ಟರಲ್ಲಿ ಅಕ್ಕ ಎದ್ದು ಹೋಗಿಬಿಟ್ಟರೆ?

ಅಕ್ಕ ಹೋಗಿರಲಿಲ್ಲ. "ಹುಳಕ್ಕಲ್ದೆ ಮತ್ಯಾಕೆ ಕಟ್ದೆ ಇದನ್ನ?"

"ನೋಡೋಕೆ, ಅಕ್ಕಾ."

"ಬರೀ ನೋಡೋಕಾ?"

ಬಚ್ಚಮ್ಮ ಖಾಲಿ ಮೊರ ಕೆಳಗಿಟ್ಟು ಗೋಡೆಗಳತ್ತ ತಿರುಗಿದಳು. ಸೂರಿನಿಂದ ನೆಲದವರೆಗೂ ಗೆರೆ, ತಂತಿ, ನೆರಳು. ಬೆರಳಿನಿಂದ ಒಂದೊಂದನ್ನೂ ಸವರುತ್ತ ಮೂಲೆಯಿಂದ ಮೂಲೆಗೆ ನಡೆದಳು. ಚೆನ್ನಾಗಿದೆ ಎನ್ನುತ್ತಾಳೇನೋ ಎಂದು ಶಾಮಲಮ್ಮ ಕಾದಳು. ಅಕ್ಕ ಹಾಗೆನ್ನಲಿಲ್ಲ. ಅವಳ ಕಣ್ಣು ತುಂಬಿತ್ತು.

"ಇಷ್ಟು ವರ್ಷ ಒಬ್ಳೇ ಕೂತ್ಕೊಂಡು ಇದನ್ನೇ ಮಾಡ್ತಿದ್ಯೇನೇ, ಶಾಮಿ?"

ಹೂಂ ಎಂದ ಶಾಮಲಮ್ಮ, ಖಾಲಿ ಮೊರ ಸರಿಸಿ ಅಕ್ಕನಿಗೂ ಕೂರಲು ಜಾಗ ಮಾಡಿದಳು.