ಪಾಯಪ್ಪನ ಬೀಸು ಅಕ್ಷರ

ಕೇಳಿದ ಮೇಲೆ ಸುಳ್ಳೆನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಬೆಳಗಾವಿಯಲ್ಲಿ ಕೇಳುವ ಮೊದಲೇ ಅನ್ನುತ್ತಾರೆ. ಅನ್ನಲಿ, ಇದು ನಡೆದ ಕಥೆ.

ಕಾಂಗ್ರೆಸ್ ಅಧಿವೇಶನ ಮುಗಿದ ಮರುವರ್ಷ ಖಾಸಬಾಗದ ಪಾಯಪ್ಪನ ಬಲಗೈ ಸೋತಿತ್ತು. ಅವನು ಬೋರ್ಡು ಬರೆಯುವವನು. ಅಗಲ ಕುಂಚವನ್ನು ಒಮ್ಮೆ ಅದ್ದಿದರೆ ಒಂದೇ ಉಸಿರಿಗೆ ಒಂದು ಅಕ್ಷರ: ಪೈಲ್ವಾನನ ಹೆಗಲಿನಂಥ ತಲೆಕಟ್ಟು, ಮುಂದಕ್ಕೆ ವಾಲಿದ ಮೈ, ಬಣ್ಣ ತೀರಿದಲ್ಲಿ ಹರಿದ ಬಾಲ. ಸೋಡಾ, ತಂಬಾಕು, ಕುಸ್ತಿ, ನಾಟಕ, ಕೂಗಿ ಕರೆಯಬೇಕಾದುದಕ್ಕೆಲ್ಲ ಅದೇ ಅಕ್ಷರ. ವೈದ್ಯರೊಬ್ಬರು ಕೇಳಿದಾಗ ಮಾತ್ರ, "ಬ್ಯಾಡ್ರಿ, ರೋಗಿ ಹೆದರಿ ಓಡ್ತಾನ" ಎಂದು ತೆಳ್ಳಗೆ ಬರೆದುಕೊಟ್ಟಿದ್ದ.

ಈಗ ಮುಂಗೈ ಸದಾ ನೋವು. ಬರೆದ ಅಕ್ಷರದ ಅಂಚೆಲ್ಲ ನಡುಗಿದಂತೆ ಅವನ ಕಣ್ಣಿಗೆ ಕಾಣುತ್ತಿತ್ತು. ನಾಟಕ ಕಂಪನಿಯ ಜಾಹೀರಾತಿನ ಎರಡು ಬಟ್ಟೆ ಬರೆದು, ಒಂದು ಇಲ್ಲಿಗೆ, ಒಂದು ಖಾನಾಪುರಕ್ಕೆ, ಕುಂಚ ಬಿಟ್ಟು ಹಲಸಿಯ ಅಕ್ಕನ ಹೊಲಕ್ಕೆ ಹೋಗಿಬಿಡುವುದೆಂದು ನಿಶ್ಚಯಿಸಿದ್ದ.

ಎರಡರ ಮೇಲೂ ಸೀಮೆಸುಣ್ಣದಲ್ಲಿ 'ಇಂದೇ ನೋಡಿರಿ!' ಎಂದು ಗುರುತು ಹಾಕಿದ. ಮಧ್ಯಾಹ್ನದ ಹೊತ್ತಿಗೆ ಒಂದು ಮುಗಿಯಿತು. ಎರಡನೆಯದಕ್ಕೆ ಕೈ ಏಳಲಿಲ್ಲ. ಸಂಜೆಯವರೆಗೆ ಅದರ ಮುಂದೆ ಸುಮ್ಮನೆ ಕೂತ.

"ಹೊತ್ತ ಮುಳಗತೈತಿ, ಉಣ್ಣಾಕ ಬರ್ರಿ!" ಹಿತ್ತಲ ಮನೆಯಿಂದ ಹೆಂಡತಿ ಜಿನಮತಿ ಕರೆದಳು. ಜೈನರ ಮನೆ, ದೀಪ ಹಚ್ಚಿದ ಮೇಲೆ ಊಟವಿಲ್ಲ. ಕೆಲಸ ಎಷ್ಟೇ ಇರಲಿ, ಆ ಹೊತ್ತಿಗೆ ಪಾಯಪ್ಪ ಏಳುತ್ತಾನೆಂದು ಓಣಿಗೆಲ್ಲ ಗೊತ್ತು. ಕಂಪನಿಯ ಹಾಸ್ಯನಟ ಬಾಳಪ್ಪನಿಗೂ ಗೊತ್ತು. ಮಾಮಲೇದಾರರ ಕೆಮ್ಮಿನಿಂದ ಹಿಡಿದು ಪಾಯಪ್ಪನ ನರಳಾಟದವರೆಗೆ ಅವನು ಅಣಕಿಸದ ದನಿಯಿರಲಿಲ್ಲ.

ಉಂಡು ಬಂದ ಪಾಯಪ್ಪನಿಗೆ ಮಬ್ಬುಬೆಳಕಿನಲ್ಲಿ ಕಂಡದ್ದು ಗೋಡೆಗೆ ತೂಗಿದ ಎರಡು ಬಟ್ಟೆ. ಎರಡೂ ತುಂಬಿದ್ದವು.

"ಅಯ್ಯಯ್ಯೋ, ನನ್ನ ಕೈಯಿ!" ಪಕ್ಕದಲ್ಲೇ ಕುಂಚ ಹಿಡಿದು ನಿಂತಿದ್ದ ಬಾಳಪ್ಪ ಪಾಯಪ್ಪನದೇ ದನಿಯಲ್ಲಿ ನರಳಿದ. "ಒಂದು ನಂದು, ಒಂದು ನಿಮ್ದು. ಜಾಗಾ ಬದಲಿ ಮಾಡೀನಿ. ಆರಿಸ್ರಿ ನೋಡೂಣು, ಪಾಯಪ್ಪಣ್ಣಾ."

ಪಾಯಪ್ಪ ಬಹಳ ಹೊತ್ತು ನೋಡಿದ. ಸಿಟ್ಟು ಮಾಡಲೂ ಕಸುವಿರಲಿಲ್ಲ.

"ಆರ್ಸೂದೇನೈತೋ ಬಾಳ್ಯಾ. ಬಲಗಡೀದು ನಿಂದು. ಬೀಸು ಹೆಂಗೈತಿ ನೋಡು, ಇನ್ನೂ ಓಡಾಕತ್ತೈತಿ. ಈ ಎಡಗಡೀ ನಡುಗೂ ಮುದುಕ ನಂದು. ನೀನss ಬರಕೋತ ಹೋಗಪಾ. ನಾ ಹಲಸಿಗೆ ಹೊಂಟೆ."

ಬಾಳಪ್ಪನ ಮುಖ ಸಪ್ಪಗಾಯಿತು. "ಅಣ್ಣಾ, ಅದನ್ನ ಮುಟ್ರಿ."

ಪಾಯಪ್ಪ ನಡುಗುವ ಅಕ್ಷರದ ಮೇಲೆ ಬೆರಳಿಟ್ಟ. ಹಸಿ ಬಣ್ಣ ಹತ್ತಿ ಬೆರಳು ಕೆಂಪಾಯಿತು. ಬಲಗಡೆಯದನ್ನು ಮುಟ್ಟಿದ. ಮಧ್ಯಾಹ್ನದ ಬಣ್ಣ, ಒಣಗಿ ಗರಿಗರಿಯಾಗಿತ್ತು.

"ನಿಮ್ಮ ನಡುಕ ಅಣಕಿಸೇನಿ ಅನ್ಕೊಂಡ್ರೇನ್ರಿ?" ಬಾಳಪ್ಪ ತಲೆ ಕೆರೆದುಕೊಂಡ. "ಖರೇ ಹೇಳ್ತೀನಿ, ಕುಂಚ ಹಿಡದ ಕೂಡ್ಲೆ ನನ್ನ ಕೈನss ಗಡಗಡ ನಡುಗ್ತು."

ಪಾಯಪ್ಪ ಬಲಗಡೆಯ ಬಟ್ಟೆಯನ್ನು ಮತ್ತೊಮ್ಮೆ ನೋಡಿದ. ಮುಂಗೈ ಇನ್ನೂ ನೋಯುತ್ತಿತ್ತು. "ಈ ಮುದುಕನ್ನ ಖಾನಾಪುರಕ್ಕ ಕಳಸಬ್ಯಾಡೋ, ಮಾನ ಹೋದೀತು. ಬ್ಯಾರೆ ಬಟ್ಟಿ ತೊಗೊಂಡ ಬಾ. ನಾಳೆ ಮುಂಜಾನೆ ನಾನss ಬರೀತೀನಿ," ಎಂದವನಿಗೆ ನಗು ಉಕ್ಕಿತು. ಬಾಳಪ್ಪ ನಕ್ಕ, ಬಾಗಿಲಿಗೆ ಬಂದ ಜಿನಮತಿ ನಕ್ಕಳು. ಇಬ್ಬರೂ ನಕ್ಕು ಸುಮ್ಮನಾದ ಮೇಲೂ ಪಾಯಪ್ಪ ಗೋಡೆ ಹಿಡಿದು ಓಣಿಗೆಲ್ಲ ಕೇಳುವಂತೆ ನಗುತ್ತಲೇ ಇದ್ದ.